ದ್ವಿಚಕ್ರ ದಾನಶಾಸನ: ಪಾಠ, ಪಾಠಾಂತರ ಹಾಗೂ ಮಾವನ ಜೇಬು

ಈ ಪ್ರಬಂಧಕ್ಕೆ ಆಕರವಾದ ಶಾಸನವು ಫೆಬ್ರವರಿಯ ಒಂದು ಭಾನುವಾರ, ಮೈಸೂರಿನ ನಮ್ಮ ಅಡುಗೆಮನೆಯಲ್ಲಿ, ನಾನು ಎರಡನೇ ಲೋಟ ಕಾಫಿಗೆ ಕಾದು ಕೂತಿದ್ದಾಗ ವಾಟ್ಸಾಪಿನಲ್ಲಿ ಪತ್ತೆಯಾಯಿತು. ಭಾಷೆ ಕನ್ನಡ, ಲಿಪಿ ಇಂಗ್ಲಿಷ್. ಮೂರು ಸಾಲು ಬರಹ, ಮೂರು ಸೈಕಲ್ಲು, ಒಂದು ಒಂಟೆ, ಮುಗಿದ ಒಂದು ಜೊತೆ ಕೈ, ಕೆಳಗೊಂದು ಲಿಂಕ್. ಬರೆಸಿದವನು ಇಂಗ್ಲೆಂಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ. ಕಾಲನಿರ್ಣಯದಲ್ಲಿ ವಿವಾದಕ್ಕೆ ಎಡೆಯಿಲ್ಲ, 8.42 ಎಂದು ಪಕ್ಕದಲ್ಲೇ ನಮೂದಾಗಿದೆ. ಎರಡು ನೀಲಿ ಗೀಟು ಬಿದ್ದುಬಿಟ್ಟದ್ದರಿಂದ, ನಾನು ಓದಲೇ ಇಲ್ಲವೆಂದು ಸಾಧಿಸುವ ದಾರಿಯೂ ಮುಚ್ಚಿಹೋಯಿತು.

ಪಾಠ ಇಷ್ಟು: "ಮಾವ, ಜೋರ್ಡನ್ ಮರುಭೂಮೀಲಿ ಐದು ದಿನ ಸೈಕಲ್ ಹೊಡೀತಿದೀನಿ. ಕಿಡ್ನಿ ರೋಗಿಗಳಿಗೋಸ್ಕರ. ದಯವಿಟ್ಟು ಸ್ಪಾನ್ಸರ್ ಮಾಡಿ." ಕೊನೆಯ ಪದ ತೊಡಕಿನದು. ಇಂಗ್ಲಿಷ್ ಲಿಪಿಯಲ್ಲಿ ಹ್ರಸ್ವ ದೀರ್ಘಗಳ ಭೇದ ಕಾಣದ್ದರಿಂದ ಅದನ್ನು 'ಮಡಿ' ಎಂದೂ ಓದಬಹುದು. ಮಡಿ ಎಂದರೆ ಶುದ್ಧಿ ಎಂಬುದು ಒಂದು ಪಕ್ಷ. ಮಡಿ ಎಂದರೆ ಸಾಯಿ ಎಂಬುದು ಇನ್ನೊಂದು. ಲಿಂಕಿನಲ್ಲಿ ಕೇಳಿದ ಮೊತ್ತ ಪೌಂಡಿನಲ್ಲಿದೆ ಎಂಬುದನ್ನು ಗಮನಿಸಿದಾಗ ಎರಡನೆಯ ಪಕ್ಷವನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ನಮ್ಮ ಹಳೆಯ ದಾನಶಾಸನಗಳ ಕ್ರಮ ಗೊತ್ತೇ ಇದೆ. ಮೊದಲು ಕೊಟ್ಟವನ ಬಿರುದಾವಳಿ, ಆಮೇಲೆ ಕೊಟ್ಟ ಭೂಮಿಯ ಎಲ್ಲೆ, ಸಾಕ್ಷಿಗಳು, ಕಡೆಗೆ ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ. ಪ್ರಸ್ತುತ ಶಾಸನದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಲಿಂಕ್ ಒತ್ತಿದರೆ ಕಾಣುವ ಬಿರುದಾವಳಿ ಬೇಡುವವನದು: ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗೆ ಅಂಟಿದ ಅಂಗಿ. ಕೊಡುವವನ ಹೆಸರು ಅಡಿಯಲ್ಲಿ, ಸಣ್ಣಕ್ಷರದಲ್ಲಿ, ಮೊತ್ತಸಮೇತ. ಶಾಪಾಶಯದ ಭಾಗ ನಷ್ಟವಾಗಿದೆ ಎಂದೇ ನಾನು ತಿಳಿದಿದ್ದೆ. ಸಂಜೆ ತಂಗಿ ಫೋನ್ ಮಾಡಿ, "ಅಣ್ಣ, ಅವನ ಪೇಜಲ್ಲಿ ಎಲ್ಲರ ಹೆಸರೂ ಇದೆ, ನಿಂದು ಕಾಣ್ಲಿಲ್ವಲ್ಲ" ಅಂದಾಗ ಕವಿಲೆಗಳ ನೆನಪಾಯಿತು.

ನನ್ನ ಪ್ರತಿಪಾದನೆ ಸರಳ. ಕಿಡ್ನಿ ರೋಗಿಗೆ ಮರುಭೂಮಿ ಬೇಕಿಲ್ಲ, ಮರುಭೂಮಿಗೆ ಸೈಕಲ್ ಬೇಕಿಲ್ಲ. ಎರಡೂ ಬೇಕಾಗಿರುವುದು ಮಾವನ ಜೇಬಿನ ಗುಂಡಿ ಬಿಚ್ಚುವುದಕ್ಕೆ.

ಜೋರ್ಡನ್ನಿನ ದಾರಿಯಲ್ಲಿ ಹೋಗುವವರು ಪರರ ಕೃಪೆಗೆ ಕೈಯೊಡ್ಡುವುದು ಪ್ರಾಚೀನ ಪದ್ಧತಿಯೇ. ಮೃತ ಸಮುದ್ರದ ಪೂರ್ವಕ್ಕೆ ಹಾಯುವ ರಾಜಮಾರ್ಗದಲ್ಲಿ ಸಾಗಲು ಮೋಶೆ ಎದೋಮಿನ ಅರಸನ ಅಪ್ಪಣೆ ಕೇಳಿದ ಪ್ರಸಂಗ ಬೈಬಲಿನ ಅರಣ್ಯಕಾಂಡದಲ್ಲಿದೆ. ಹೊಲಕ್ಕಿಳಿಯುವುದಿಲ್ಲ, ಎಡಕ್ಕೂ ಬಲಕ್ಕೂ ತಿರುಗುವುದಿಲ್ಲ, ಬಾವಿಯ ನೀರು ಮುಟ್ಟುವುದಿಲ್ಲ, ಕುಡಿದರೆ ದುಡ್ಡು ಕೊಡುತ್ತೇವೆ ಎಂದು ಅವನ ಕೋರಿಕೆ. ಆಯೋಜಕರು ನನ್ನ ಸೋದರಳಿಯನಿಗೆ ಕೊಟ್ಟ ಸೂಚನಾಪತ್ರದಲ್ಲೂ ಹೆಚ್ಚುಕಡಿಮೆ ಇದೇ ಇತ್ತು. ಅರಸ ಒಪ್ಪಲಿಲ್ಲ, ದಂಡು ಕಟ್ಟಿಕೊಂಡು ಅಡ್ಡ ಬಂದ. ಸ್ಪಾನ್ಸರ್ ಸಿಗದೆ ಸುತ್ತು ಹಾಕಿ ಹೋದ ಮೊದಲ ತಂಡ ಇದು ಎಂಬುದು ನನ್ನ ಮತ. ರೋಮನ್ನರ ಕ್ರಮ ಬೇರೆ. ಕ್ರಿ.ಶ. 106ರಲ್ಲಿ ನಾಡನ್ನೇ ನುಂಗಿ, ಟ್ರಾಜನ್ ಚಕ್ರವರ್ತಿಯ ಹೆಸರಿನಲ್ಲಿ ಅಕಾಬಾದವರೆಗೂ ಹೆದ್ದಾರಿ ಎಳೆದರು. ಯಾರನ್ನೂ ಏನನ್ನೂ ಕೇಳಲಿಲ್ಲ.

ಸತ್ಕಾರ್ಯವನ್ನು ಮುಂದಿಟ್ಟು ಊರು ನೋಡುವ ವಿದ್ಯೆಗೆ ಆ ಸೀಮೆಯಲ್ಲಿ ಒಬ್ಬ ಆಚಾರ್ಯನಿದ್ದಾನೆ. ಸ್ವಿಟ್ಜರ್ಲೆಂಡಿನ ಯೋಹಾನ್ ಲುಡ್ವಿಗ್ ಬುರ್ಕ್‌ಹಾರ್ಟ್. 1812ರಲ್ಲಿ ಅರಬನ ವೇಷ ಹಾಕಿ, ಶೇಖ್ ಇಬ್ರಾಹಿಂ ಎಂದು ಹೆಸರಿಟ್ಟುಕೊಂಡು ತಿರುಗುತ್ತಿದ್ದ. ಪಾಳುಬಿದ್ದ ಪೆಟ್ರಾ ನೋಡಬೇಕೆಂಬ ಆಸೆ. ಬಾಯಿಬಿಟ್ಟು ಹೇಳಿದರೆ ನಿಧಿ ಕದಿಯಲು ಬಂದವನೆಂದು ಅನುಮಾನ ಪಟ್ಟಾರು. ಅದಕ್ಕೆ, ಮೋಶೆಯ ಅಣ್ಣ ಹಾರೂನರ ಗೋರಿಯಲ್ಲಿ ಆಡು ಕೊಯ್ಯುವ ಹರಕೆ ಹೊತ್ತಿದ್ದೇನೆ ಎಂದ. ಗೋರಿಗೆ ಹೋಗುವ ದಾರಿ ಪೆಟ್ರಾದೊಳಗಿಂದಲೇ ಎಂಬುದು ಅವನಿಗೆ ಗೊತ್ತಿತ್ತು. ಒಂದು ಕಿಲೋಮೀಟರಿಗೂ ಉದ್ದದ ಸಿಕ್ ಎಂಬ ಇಕ್ಕಟ್ಟಾದ ಕಣಿವೆ ದಾಟಿದ, ಬಂಡೆಯನ್ನೇ ಕೊರೆದು ಮಾಡಿದ ಖಜ್ನೆಯನ್ನು ಕಣ್ತುಂಬ ನೋಡಿದ, ಸಂಜೆ ಹೊತ್ತಿಗೆ ಆಡೂ ಆಯಿತು. ನನ್ನ ಸೋದರಳಿಯ ಅದೇ ಖಜ್ನೆಯ ಮುಂದೆ ಸೈಕಲ್ ಚಡ್ಡಿಯಲ್ಲಿ ನಿಂತು ತೆಗೆಸಿಕೊಂಡ ಹನ್ನೊಂದು ಫೋಟೊ ಬಂದಿವೆ. ಕಿಡ್ನಿಯ ಪ್ರಸ್ತಾಪ ಒಂದರಲ್ಲೂ ಇಲ್ಲ. ಈ ಪ್ರಕರಣದಲ್ಲಿ ಆಡಿನ ಸ್ಥಾನ ಯಾರದು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಚಂದಾ ಎತ್ತಿ ಮರುಭೂಮಿ ದಾಟುವ ಕಲ್ಪನೆ ಇಂಗ್ಲಿಷರದು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1900ರಲ್ಲಿ ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ ಡಮಾಸ್ಕಸ್ಸಿನಿಂದ ಮದೀನಾಕ್ಕೆ ಹಿಜಾಜ್ ರೈಲು ಹಾಕಲು ಹೊರಟಾಗ ಜಗತ್ತಿನ ಮುಸಲ್ಮಾನರೆಲ್ಲರಿಂದ ದೇಣಿಗೆ ಕೇಳಿದ. ಹಿಂದೂಸ್ತಾನದಿಂದಲೂ ಹಣ ಹೋಯಿತು. ಕೊಟ್ಟವರಿಗೆ ಮೊತ್ತಕ್ಕೆ ತಕ್ಕ ಪದಕ. ಸರ್ಕಾರಿ ನೌಕರರಿಗೆ ಭಕ್ತಿ ಕಡಿಮೆಯಾದೀತೆಂದು ಸಂಬಳದಲ್ಲೇ ಹಿಡಿದುಕೊಂಡರು. 1908ರಲ್ಲಿ ಸುಮಾರು 1,300 ಕಿಲೋಮೀಟರ್ ಹಳಿ ಮುಗಿದು ರೈಲು ಮದೀನಾ ಮುಟ್ಟಿತು. ಪದಕ ದುಡ್ಡು ಕೊಟ್ಟವನ ಎದೆಗೆ ಬಿದ್ದದ್ದನ್ನು ಗಮನಿಸಬೇಕು. ಈಗ ಅದು ಸೈಕಲ್ ಹೊಡೆದವನ ಕೊರಳಿಗೆ ಬೀಳುತ್ತದೆ. ದಾನಶಾಸ್ತ್ರದ ಇತಿಹಾಸದಲ್ಲಿ ಇಷ್ಟು ದೊಡ್ಡ ಪಲ್ಲಟ ಇನ್ನೊಂದಿಲ್ಲ, ಇದರ ಬಗ್ಗೆ ಯಾರೂ ಪಿಎಚ್‌ಡಿ ಮಾಡಿದಂತೆ ಕಾಣೆ.

ಆ ರೈಲಿಗೆ ಮುಂದೆ ಏನಾಯಿತು? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಟಿ.ಇ. ಲಾರೆನ್ಸ್ ಮತ್ತು ಅವನ ಜೊತೆಯ ಅರಬರು ಸೇತುವೆ, ಹಳಿಗಳಿಗೆ ಮದ್ದಿಟ್ಟು ಹಾರಿಸಿದರು. ಭಕ್ತರ ಚಂದಾ ಆಕಾಶಕ್ಕೆ ಹೋಯಿತು. ಇವತ್ತು ಅದೇ ಲಾರೆನ್ಸನ ಹೆಸರು ಹೇಳಿಯೇ ಜೋರ್ಡನ್ನಿನ ಮರುಭೂಮಿ ವಾದಿ ರಮ್‌ಗೆ ಚಂದಾ ಸವಾರಿಗಳು ಹೊರಡುತ್ತವೆ. ಈ ಲಾರೆನ್ಸ್ ಮೂಲತಃ ಸೈಕಲ್ ಮನುಷ್ಯ. 1908ರ ಬೇಸಿಗೆಯಲ್ಲಿ ಕೋಟೆಗಳನ್ನು ನೋಡಲೆಂದು ಫ್ರಾನ್ಸಿನಲ್ಲಿ ಸುಮಾರು 2,400 ಮೈಲಿ ತುಳಿದಿದ್ದ. ಅರೇಬಿಯಾಕ್ಕೆ ಬಂದಾಗ ಮಾತ್ರ ಒಂಟೆ ಹತ್ತಿದ. ಬುದ್ಧಿವಂತ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಬೈಕಿನಲ್ಲಿ ಹೋಗುವಾಗ ಎದುರು ಸಿಕ್ಕ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು, ಆರು ದಿನದ ಮೇಲೆ ತೀರಿಕೊಂಡ. ಹುಡುಗರಿಬ್ಬರೂ ಸೈಕಲ್ ಮೇಲಿದ್ದರು.

ಮೈಸೂರಿನವರಿಗೂ ಆ ಸೀಮೆ ಹೊಸದಲ್ಲ. 1918ರ ಬೇಸಿಗೆಯಲ್ಲಿ ಮೈಸೂರು ಲ್ಯಾನ್ಸರ್ಸ್ ದಳ ಕುದುರೆಗಳ ಸಮೇತ ಜೋರ್ಡನ್ ಕಣಿವೆಯ ಧಗೆಯಲ್ಲಿತ್ತು. ಅವರ ಸ್ಮಾರಕಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅವರು ಯಾರಿಗೂ ಲಿಂಕ್ ಕಳಿಸಿದವರಲ್ಲ. ಇರಲಿ.

ಕ್ಷೇತ್ರಕಾರ್ಯದ ವಿವರಗಳು ದಿನಾ ರಾತ್ರಿ ಫೋನಿನಲ್ಲಿ ಲಭ್ಯವಾದವು. ಮೊದಲ ದಿನ ಇಳಿಜಾರು, ಸಂಜೆಗೆ ಮೃತ ಸಮುದ್ರ. ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗೆ. ಭೂಮಿಯ ಮೇಲೆ ಒಣನೆಲದಲ್ಲಿ ಅದಕ್ಕಿಂತ ಕೆಳಗಿಳಿಯಲು ಜಾಗವಿಲ್ಲ. ನೀರಿನಲ್ಲಿ ಮೂರರಲ್ಲೊಂದು ಪಾಲು ಉಪ್ಪು, ಮಲಗಿದರೆ ಹಲಗೆಯ ಹಾಗೆ ತೇಲಬಹುದು. ಎಲ್ಲರೂ ಇಳಿದರು, ಇವನೂ ಇಳಿದ. ಇಂಗ್ಲೆಂಡಿನ ಮಳೆಯಲ್ಲಿ ಮೂರು ತಿಂಗಳು ಅಭ್ಯಾಸ ಮಾಡಿ, ಸೀಟಿಗೆ ಉಜ್ಜಿ ಉಜ್ಜಿ ಸಂಪಾದಿಸಿದ ಗಾಯ ಎಲ್ಲಿತ್ತೆಂದು ಬರೆಯುವುದು ವಿದ್ವತ್ ಪ್ರಬಂಧಕ್ಕೆ ಶೋಭೆಯಲ್ಲ. "ಮಾವ, ನಾನು ತೇಲಲಿಲ್ಲ, ಹಾರಿದೆ" ಅಂದ. ಮರುದಿನ ಅಲ್ಲಿಂದ ಕೆರಕ್ ಕೋಟೆಗೆ ಏರು. ಊರಿರುವುದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಕೆಳಗಿನ 430 ಸೇರಿಸಿಕೊಂಡು ಲೆಕ್ಕ ಹಾಕಿ. ಬಾಟಲಿಯ ನೀರು ಕಾಫಿ ಡಿಕಾಕ್ಷನ್ನಿನಷ್ಟು ಬಿಸಿ, ಎದುರುಗಾಳಿ, ಹಿಂದಿನಿಂದ ಮೆಲ್ಲಗೆ ಬರುತ್ತಿದ್ದ ವ್ಯಾನು. ವ್ಯಾನಿನೊಳಗೆ ತಣ್ಣಗೆ ಎಸಿ. ಹತ್ತಬಹುದು, ಯಾರೂ ಬೇಡ ಅನ್ನುವುದಿಲ್ಲ. "ಹತ್ತಿದೆಯಾ?" ಎಂದೆ. ಐದು ಸೆಕೆಂಡ್ ಸುಮ್ಮನಿದ್ದು, "ನೀವು ಸ್ಪಾನ್ಸರ್ ಮಾಡಿದೀರಲ್ಲ ಮಾವ" ಎಂದ. ನಾನು ಆಗಿನ್ನೂ ಮಾಡಿರಲಿಲ್ಲ.

ಈಗ ಪೂರ್ವಪಕ್ಷ. ಇದನ್ನು ಮಂಡಿಸಿದವರು ನಮ್ಮ ಮನೆಯವರು, ಬೀನ್ಸ್ ನಾರು ತೆಗೆಯುತ್ತಾ. "ಆ ವಿಮಾನದ ದುಡ್ಡು, ಹೋಟೆಲ್ ದುಡ್ಡು, ಸೈಕಲ್ ದುಡ್ಡು, ಎಲ್ಲ ಸೇರಿಸಿ ಅವನೇ ಆ ರೋಗಿಗಳಿಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" ತರ್ಕದಲ್ಲಿ ಲೋಪವಿಲ್ಲ. ಆದರೆ 2013ರಲ್ಲಿ ಓಲಿವೋಲಾ ಮತ್ತು ಶಫೀರ್ ಎಂಬ ಸಂಶೋಧಕರು ಒಂದು ವಿಚಿತ್ರವನ್ನು ದಾಖಲಿಸಿದ್ದಾರೆ: ಸತ್ಕಾರ್ಯಕ್ಕೆ ಪಿಕ್ನಿಕ್ ಇಟ್ಟರೆ ಕೊಡುವುದಕ್ಕಿಂತ, ಐದು ಮೈಲಿ ಓಡಬೇಕು ಎಂದರೆ ಜನ ಹೆಚ್ಚು ಕೊಡಲು ಸಿದ್ಧ. ಇದಕ್ಕೆ ಅವರು ಹುತಾತ್ಮ ಪರಿಣಾಮ ಎಂಬರ್ಥದ ಹೆಸರಿಟ್ಟರು. ಉರುಳುಸೇವೆ ನೋಡಿ ಬೆಳೆದವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಿರಲಿಲ್ಲ. ಆ ಸಂಶೋಧಕರು ನೋಡಿದ್ದು ಕೊಡುವವನ ಸ್ವಂತ ನೋವನ್ನು. ಸೋದರಳಿಯನ ನೋವಿಗೂ ಮಾವನ ಜೇಬಿಗೂ ಇರುವ ಸಂಬಂಧವನ್ನು ಜ್ಞಾನಭಂಡಾರಕ್ಕೆ ಸೇರಿಸುತ್ತಿರುವವನು ನಾನು. ಮನೆಯಲ್ಲಿ ಕುಳಿತು ಕಿಡ್ನಿ ರೋಗಿಗಳ ಹೆಸರಲ್ಲಿ ಕೇಳಿದ್ದರೆ, ನೋಡೋಣ ಅನ್ನುತ್ತಿದ್ದೆ. ನೋಡೋಣ ಅಂದರೆ ನಮ್ಮ ಕಡೆ ಏನರ್ಥ ಎಂಬುದಕ್ಕೆ ಟಿಪ್ಪಣಿ ಬೇಡ.

ಅವನು ಕೆರಕ್ ಏರಿದ ಆ ರಾತ್ರಿಯೇ ಕೊಟ್ಟೆ. ಕಾರ್ಡ್ ನಂಬರು ಒತ್ತಿ, ಓಟಿಪಿ ಬಂದು, ಹೆಸರಿನ ಜಾಗದಲ್ಲಿ 'ಮೈಸೂರಿನ ಮಾವ' ಎಂದು ಬರೆಸಿದೆ. ವಾದಿ ರಮ್‌ನ ಬಂಡೆಗಳ ಮೇಲೂ ಸುಮಾರು 20,000 ಶಾಸನಗಳಿವೆಯಂತೆ. ಹೋಗುವವರು ಬರುವವರು ಕೊರೆದಿಟ್ಟ ಹೆಸರುಗಳೇ ಅದರಲ್ಲಿ ಬೇಕಾದಷ್ಟು. ಆ ಬಂಡೆಗಳ ನಡುವೆ ಐದನೆಯ ದಿನ ಚಕ್ರ ಮರಳಿನಲ್ಲಿ ಹೂತುಹೋಯಿತು. ಟಯರಿನ ಗಾಳಿ ಇಳಿಸಿ ನೋಡಿದರೂ ಆಗದೆ, ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆದನಂತೆ. ತುಳಿಯಲೆಂದು ಕೊಟ್ಟ ಹಣ ತಳ್ಳಿದ್ದಕ್ಕೂ ಸಲ್ಲುತ್ತದೆಯೇ ಎಂದು ನಮ್ಮ ಮನೆಯವರು ಕೇಳಿದರು. ಸಲ್ಲತಕ್ಕದ್ದು, ಪೂರ್ತಿ ದರದಲ್ಲೇ.

ಅವನ ಪುಟ ಆ ತಿಂಗಳ ಕೊನೆಯವರೆಗೆ ತೆರೆದಿತ್ತು. ಇಂಥದೇ ಲಿಂಕು ನಿಮಗೂ ಬಂದಿರಬಹುದು. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವ ಕನ್ನಡಿಗರಾಗಿದ್ದರೆ 'ಗಿಫ್ಟ್ ಏಡ್' ಎಂಬ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ. ಪೌಂಡಿಗೆ 25 ಪೆನ್ಸ್ ಅಲ್ಲಿನ ಸರ್ಕಾರ ಸೇರಿಸುತ್ತದೆ. ಮೈಸೂರಿನಿಂದ ಕೊಟ್ಟರೆ ಆ ಚೌಕ ನಮಗೆ ಸಲ್ಲುವುದಿಲ್ಲ.