ಸರ್ವೆ ನಂಬರ್ 45 ಬಾರ್ 2ಎ

ಬೆಂಗಳೂರಿನ ಮೈಸೂರು ಬ್ಯಾಂಕ್ ಸರ್ಕಲ್ಲಿನ ಆಸುಪಾಸಿನಲ್ಲಿ, ಸಿಟಿ ಸಿವಿಲ್ ಕೋರ್ಟಿಗೆ ಕೋಟು ತೊಟ್ಟುಕೊಂಡೇ ನಡೆದು ಹೋಗಬಹುದಾದ ದೂರದಲ್ಲಿ, ವಕೀಲರ ಕಚೇರಿಯೊಂದಿದೆ. ಅಲ್ಲಿ ಕಾನೂನು ಗೊತ್ತಿದ್ದವರು ಸೀನಿಯರ್. ಕಂಪ್ಯೂಟರ್ ಗೊತ್ತಿದ್ದವರು ಜೂನಿಯರ್‌ಗಳು. ಕಾಗದ ಎಲ್ಲಿದೆ ಎಂದು ಗೊತ್ತಿದ್ದವರು ಗುಮಾಸ್ತರೊಬ್ಬರೇ. ಹಾಗಾಗಿ ಕಚೇರಿ ಯಾರಿಂದ ನಡೆಯುತ್ತಿದೆ ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ, ಸೀನಿಯರ್ ಒಬ್ಬರನ್ನು ಬಿಟ್ಟು.

ಗುಮಾಸ್ತರು ಕೇಸುಗಳನ್ನು ನಂಬರಿನಿಂದ ಗುರುತಿಸುತ್ತಿರಲಿಲ್ಲ. ‘ಯಲಹಂಕದ ಅಕ್ಕತಂಗಿಯರು’ ಅಟ್ಟದ ಎಡಭಾಗದಲ್ಲಿ, ‘ಬಾವಿ ಜಗಳ’ ಗಾಡ್ರೆಜ್ ಬೀರುವಿನ ಮೂರನೇ ಖಾನೆಯಲ್ಲಿ, ‘ಫೀಸು ಕೊಡದ ಮೇಷ್ಟ್ರು’ ಬಾಗಿಲ ಹಿಂದೆ. ವಿಭಾಗದ ದಾವೆಗಳಲ್ಲಿ ಮೂಲ ವಾದಿ ಎಂದೋ ತೀರಿಕೊಂಡು, ವಾರಸುದಾರರು ರೆಕಾರ್ಡಿಗೆ ಬಂದು, ಅವರಲ್ಲಿಬ್ಬರು ಪರಸ್ಪರ ಮಾತು ಬಿಟ್ಟು, ಮೂರನೆಯವರು ವಕೀಲರನ್ನೇ ಬದಲಿಸಿ ಮತ್ತೆ ಇಲ್ಲಿಗೇ ಮರಳಿದ ಇತಿಹಾಸವೆಲ್ಲ ಗುಮಾಸ್ತರ ನಾಲಿಗೆಯ ತುದಿಯಲ್ಲಿತ್ತು. ಅವರು ಮದುವೆಗೆಂದು ರಜೆ ಹಾಕಿದರೆ ಸೀನಿಯರ್ ವಾಯಿದೆ ಕೇಳುತ್ತಿದ್ದರು. ಅರ್ಜಿಯಲ್ಲಿ ಕಾರಣ ಮಾತ್ರ ‘ಅನಾರೋಗ್ಯ’ ಎಂದಿರುತ್ತಿತ್ತು.

ಈ ವ್ಯವಸ್ಥೆ ಅಲುಗಾಡಿದ್ದು 2020ರ ಮಾರ್ಚಿನಲ್ಲಿ. ಲಾಕ್‌ಡೌನ್ ಬಂತು. ವಕೀಲರ ಎದೆಬಡಿತಕ್ಕೆ ಕಾರಣವಾದ ಕಾಲಮಿತಿಯನ್ನೇ ಸುಪ್ರೀಂ ಕೋರ್ಟ್ ತಡೆದು ನಿಲ್ಲಿಸಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ ಎಂದು ಕೊನೆಗೆ ಹೇಳಿತು. ಆದರೆ ತುರ್ತು ಅರ್ಜಿಗಳ ವಿಚಾರಣೆ ವಿಡಿಯೋದಲ್ಲಿ ಶುರುವಾಯಿತು. ನ್ಯಾಯಾಧೀಶರು ಪರದೆಯ ಮೇಲೆ, ಸೀನಿಯರ್ ಜಯನಗರದ ಮನೆಯಲ್ಲಿ, ಫೈಲು ಬೀಗ ಹಾಕಿದ ಕಚೇರಿಯಲ್ಲಿ, ಬೀಗದ ಕೈ ಗುಮಾಸ್ತರ ಜೊತೆ ನೆಲಮಂಗಲದಲ್ಲಿ. ‘ಪುಟ 42 ನೋಡಿ’ ಎಂದು ಪೀಠ ಹೇಳಿದಾಗ ಸೀನಿಯರ್ ನೆಟ್‌ವರ್ಕ್ ಹೋದಂತೆ ಕದಲದೆ ಕೂತರು. ಆ ತಂತ್ರವನ್ನು ಆ ದಿನಗಳಲ್ಲಿ ಕಂಡುಹಿಡಿದವರು ಅವರೊಬ್ಬರೇ ಅಲ್ಲವೆಂದು ವಕೀಲರ ಸಂಘದ ಕ್ಯಾಂಟೀನಿನಲ್ಲಿ ಆಮೇಲೆ ತಿಳಿಯಿತು.

ಕೋರ್ಟುಗಳು ತೆರೆದ ಮೇಲೆ ಕ್ಲೌಡ್ ಮಾರುವ ಹುಡುಗ ಬಂದ. ಕಾಗದಗಳು ಮುಂಬೈಯಲ್ಲಿ ಭದ್ರವಾಗಿರುತ್ತವೆ, ಅಲ್ಲೊಂದು ಕಟ್ಟಡಕ್ಕೆ ಏನಾದರೂ ಆದರೆ ಇನ್ನೊಂದರಲ್ಲಿ ಪ್ರತಿ ಇರುತ್ತದೆ ಎಂದು ವಿವರಿಸಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡ ಕ್ಲೌಡ್ ಕಂಪನಿಗಳು 2015-16ರ ಸುಮಾರಿಗೇ ಭಾರತದಲ್ಲಿ ಡೇಟಾ ಸೆಂಟರ್ ತೆರೆದಿವೆ. ಆದರೆ ಸೀನಿಯರ್ ನಲವತ್ತು ವರ್ಷ ಸಿವಿಲ್ ವಕಾಲತ್ತು ಮಾಡಿದವರು.

“ದೇವನಹಳ್ಳಿ ಜಮೀನಿನ ಕಾಗದ ಮುಂಬೈಯಲ್ಲಿ ಯಾಕಿರಬೇಕು? ನಾಳೆ ಕಳೆದುಹೋದರೆ ದಾವೆ ಎಲ್ಲಿ ಹೂಡಬೇಕು, ಇಲ್ಲೋ ಅಲ್ಲೋ?”

ಹುಡುಗ ಒಪ್ಪಂದದ ಕೊನೆಯ ಪುಟ ತೋರಿಸಿದ. ಅಲ್ಲಿದ್ದದ್ದು ಮಧ್ಯಸ್ಥಿಕೆಯ ಷರತ್ತು. ಸೀನಿಯರ್ ಅದನ್ನು ಎರಡು ಸಲ ಓದಿ, ಮೂರು ಕಡೆ ತಿದ್ದಿ, ಸಹಿ ಹಾಕಿದರು.

ಆಮೇಲಿನದು ಸ್ಕ್ಯಾನಿಂಗ್. ಇದರ ಕಷ್ಟ ಹೊರಗಿನವರಿಗೆ ತಿಳಿಯದು. ಹಳೆಯ ಫೈಲೆಂದರೆ ತುಕ್ಕು ಹಿಡಿದ ಪಿನ್ನು, ದಾರದ ಟ್ಯಾಗು, ಎ4ಗಿಂತ ಉದ್ದದ ಲೀಗಲ್ ಹಾಳೆ, ಮಡಚಿದಲ್ಲೇ ಹರಿದ ಛಾಪಾ ಕಾಗದ. ಒಂದು ಪಿನ್ನು ಉಳಿದರೂ ಸ್ಕ್ಯಾನರ್ ಕಿರ್ರೆಂದು ನಿಲ್ಲುತ್ತದೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿದ ಮೊತ್ತ 7,210 ಕೋಟಿ ರೂಪಾಯಿ, ಅದರಲ್ಲಿ ಎರಡು ಸಾವಿರ ಕೋಟಿಗೂ ಹೆಚ್ಚು ಕೋರ್ಟುಗಳ ಹಳೆಯ ಕಡತ ಸ್ಕ್ಯಾನ್ ಮಾಡಿ ಕಾಪಾಡುವುದಕ್ಕೇ. ಓದುವವರಿಗೆ ಇದು ವಿಪರೀತ ಎನಿಸಬಹುದು. ಒಂದು ಮಧ್ಯಾಹ್ನ ಪಿನ್ನು ಕಿತ್ತ ಜೂನಿಯರ್‌ಗಳಿಗೆ ಹಾಗೇನೂ ಎನಿಸಲಿಲ್ಲ. ಶಾನುಭೋಗರು ಬರೆದ ಹಳೆಯ ಪಹಣಿಗಳಂತೂ ಯಂತ್ರಕ್ಕೆ ಮಣಿಯಲೇ ಇಲ್ಲ. ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಆದರೆ ಶಾನುಭೋಗರ ಕೈಬರಹವನ್ನು ರದ್ದು ಮಾಡಲು ಯಾವ ಕಾಯ್ದೆಗೂ ಆಗಿಲ್ಲ. ಅಚ್ಚಿನ ಕನ್ನಡವನ್ನು ಸುಮಾರಾಗಿ ಗುರುತಿಸುವ ತಂತ್ರಾಂಶ ಆ ಬಳುಕುವ ಸಾಲುಗಳ ಮುಂದೆ ಒಂದಿಷ್ಟು ಚುಕ್ಕಿ, ಒಂದು ಆಶ್ಚರ್ಯಸೂಚಕ ಕೊಟ್ಟು ಕೈಮುಗಿಯಿತು. ಗುಮಾಸ್ತರು ಕನ್ನಡಕ ಏರಿಸಿ ಅದನ್ನೇ ಸರಾಗವಾಗಿ ಓದಿ ಹೇಳಿದರು.

ನಿಜವಾದ ಸಂಕಟ ಮಾತ್ರ ಒಂದು ಗೆರೆಯಿಂದ ಬಂತು. ಸಿವಿಲ್ ವಕೀಲರ ಬದುಕು ನಿಂತಿರುವುದೇ ಓರೆಗೆರೆಯ ಮೇಲೆ. ದಾವೆಯ ನಂಬರಿನಲ್ಲಿ ಅದಿದೆ: ಓ.ಎಸ್. 1234/2009. ಜಮೀನಿನ ನಂಬರಿನಲ್ಲೂ ಅದಿದೆ: ಸರ್ವೆ ನಂಬರ್ 45/2ಎ, ಬಾಯಲ್ಲಿ ‘ನಲವತ್ತೈದು ಬಾರ್ ಎರಡು ಎ’. ಆದರೆ ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಓರೆಗೆರೆ ಹಾಕುವಂತಿಲ್ಲ; ಫೋಲ್ಡರಿನಿಂದ ಫೋಲ್ಡರಿಗೆ ದಾರಿ ತೋರಿಸುವ ಗುರುತಾಗಿ ಅದು ಮೀಸಲು. ಆ ನಿಯಮ ಮಾಡಿದವರಿಗೆ ಕರ್ನಾಟಕದ ಭೂದಾಖಲೆಗಳ ಪರಿಚಯ ಇರಲಿಲ್ಲ. ಹಾಗಾಗಿ ಒಬ್ಬ ಜೂನಿಯರ್ ಗೆರೆಯ ಬದಲು ಅಡ್ಡಗೀಟು ಹಾಕಿದ, ಇನ್ನೊಬ್ಬಳು ಕೆಳಗೀಟು ಹಾಕಿದಳು, ಟೈಪಿಸ್ಟ್ ಏನೂ ಹಾಕದೆ 452ಎ ಎಂದೇ ಬರೆದ. ಆ ಜಮೀನಿದ್ದ ಊರಿನಲ್ಲಿ 300 ಸರ್ವೆ ನಂಬರುಗಳೂ ಇರಲಿಲ್ಲ! ಇಲ್ಲದ ಜಮೀನಿಗೆ ಕ್ಲೌಡಿನಲ್ಲಿ ಖಾತೆ ತೆರೆದಂತಾಯಿತು. ಬೆಂಗಳೂರಿನ ಸುತ್ತ ಅಂಥ ಜಮೀನುಗಳು ಮಾರಾಟವಾಗಿರುವುದೂ ಉಂಟು, ಆ ಮಾತು ಬೇರೆ.

ಸಿಎನ್‌ಆರ್ ನಂಬರಿನಲ್ಲಿ ಓರೆಗೆರೆಯಿಲ್ಲ, ಅದನ್ನೇ ಇಡೋಣ ಎಂದಳು ಜೂನಿಯರ್. ಇ-ಕೋರ್ಟ್ಸ್ ಪ್ರತಿ ಕೇಸಿಗೂ ಕೊಡುವ ಹದಿನಾರು ಅಕ್ಷರ, ಅಂಕಿಗಳ ಗುರುತು ಅದು. ಸಲಹೆ ಚೆನ್ನಾಗಿಯೇ ಇತ್ತು. ಆದರೆ ಸಿಟಿ ಸಿವಿಲ್ ಕೋರ್ಟಿನ ದಾವೆ ಹೈಕೋರ್ಟಿಗೆ ಆರ್‌ಎಫ್‌ಎ ಮೇಲ್ಮನವಿಯಾಗಿ ಏರಿದ ಕೂಡಲೇ ಹೊಸ ಸಿಎನ್‌ಆರ್ ಬರುತ್ತದೆ, ಅಲ್ಲಿಂದ ವಾಪಸು ಕಳಿಸಿದರೆ ಮತ್ತೆ ಹಳೆಯದನ್ನು ಹುಡುಕಬೇಕು. “ಯಲಹಂಕದ ಅಕ್ಕತಂಗಿಯರು ಯಾವ ಕೋರ್ಟಿಗೆ ಹೋದರೂ ಅಕ್ಕತಂಗಿಯರೇ ಅಲ್ವೇನಮ್ಮ?” ಎಂದರು ಗುಮಾಸ್ತರು. ಈ ವಾದಕ್ಕೆ ಪ್ರತಿವಾದ ದಾಖಲಾಗಿಲ್ಲ.

ಹುಡುಕುವುದರದ್ದು ಇನ್ನೊಂದು ಕಥೆ. ಲಕ್ಷ್ಮಮ್ಮ ಎಂಬ ಕಕ್ಷಿದಾರಳ ಹೆಸರನ್ನು ಇಂಗ್ಲಿಷ್ ಕಾಗದಗಳಲ್ಲಿ ವಾದಪತ್ರ ಒಂದು ಬಗೆಯಲ್ಲಿ, ಕ್ರಯಪತ್ರ ಇನ್ನೊಂದು ಬಗೆಯಲ್ಲಿ, ಆಧಾರ್ ಮತ್ತೊಂದು ಬಗೆಯಲ್ಲಿ ಬರೆದಿತ್ತು. ಯಂತ್ರದ ಪಾಲಿಗೆ ಅವರು ಮೂವರು ಹೆಂಗಸರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ಎದುರುಪಕ್ಷದ ವಕೀಲರು ಪಾಟೀ ಸವಾಲಿನಲ್ಲಿ ಸಾಬೀತು ಮಾಡಲು ಹೆಣಗುತ್ತಿದ್ದುದೂ ಅದನ್ನೇ.

ಭದ್ರತೆಯ ಏರ್ಪಾಡೂ ಬಿಗಿಯಾಗಿಯೇ ಇತ್ತು. ಕಕ್ಷಿದಾರ ವಕೀಲನಿಗೆ ಹೇಳಿದ ಗುಟ್ಟನ್ನು ಕಾಪಾಡುವುದು ಮೊದಲು ಸಾಕ್ಷ್ಯ ಕಾಯ್ದೆಯ 126ನೇ ಕಲಮು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು. ಕ್ಲೌಡಿನಲ್ಲಿ ಅದನ್ನು ಕಾಪಾಡುವುದು ಸೀನಿಯರ್ ಫೋನಿಗೆ ಬರುವ ಓಟಿಪಿ. ಸೀನಿಯರ್ ಕೋರ್ಟ್ ಹಾಲಿನೊಳಗೆ ಫೋನ್ ಆಫ್ ಮಾಡುವ ಶಿಸ್ತಿನವರು. ಹೊರಗೆ ಫೈಲಿಗಾಗಿ ಒದ್ದಾಡುವ ಜೂನಿಯರ್, ಒಳಗೆ ಆ ಫೈಲಿಗಾಗಿಯೇ ಬಾಗಿಲ ಕಡೆ ಕಣ್ಣು ನೆಟ್ಟ ಸೀನಿಯರ್, ಇಬ್ಬರ ನಡುವೆ ಜೇಬಿನಲ್ಲಿ ನಿದ್ದೆ ಹೋದ ಫೋನು. ಎದುರುಪಕ್ಷದವರಿಗಾದರೂ ಇಷ್ಟು ಚೆನ್ನಾಗಿ ತಡೆಯಾಜ್ಞೆ ತರಲು ಸಾಧ್ಯವಿರಲಿಲ್ಲ. ಕೊನೆಗೆ ಓಟಿಪಿ ಗುಮಾಸ್ತರ ಫೋನಿಗೆ ಬರುವಂತೆ ಬದಲಿಸಲಾಯಿತು. ಬೀಗದ ಕೈ ಮರಳಿ ನೆಲಮಂಗಲಕ್ಕೆ ಹೋಯಿತು.

ಹೆಸರಿಡುವ ಕೆಲಸವೂ ಅವರಿಗೇ ಸೇರಿತು. ಈಗ ಪ್ರತಿ ಫೋಲ್ಡರಿನ ಮೊದಲಲ್ಲಿ ಸಿಎನ್‌ಆರ್, ಆಮೇಲೆ ಕನ್ನಡದಲ್ಲಿ ‘ಬಾವಿ ಜಗಳ’. ಕಚೇರಿಯ ಇಡೀ ಹೊಸ ವ್ಯವಸ್ಥೆಯಲ್ಲಿ ಬುದ್ಧಿವಂತಿಕೆಯ ನಿರ್ಧಾರ ಇದೊಂದೇ ಇರಬೇಕು. ‘ಫೀಸು ಕೊಡದ ಮೇಷ್ಟ್ರು’ ಮಾತ್ರ ಆ ಮೇಷ್ಟ್ರಿಗೇ ಲಿಂಕ್ ಕಳಿಸಿದ ದಿನದಿಂದ ‘ಮೇಷ್ಟ್ರು’ ಎಂದಷ್ಟೇ ಇದೆ. ಫೀಸು ಬಂದಿದೆ.

ಕಾಗದ ಕಡಿಮೆಯಾಯಿತೇ? ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಬೇಕೇಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದಕ್ಕೆ ಪಕ್ಷಕಾರರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಜೊತೆಗೆ ಫೈಲಿನ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರಗಳ ಸಾಲು. ಜೂನಿಯರ್ ಅದನ್ನು ಮುದ್ರಿಸಿದಳು. ಗುಮಾಸ್ತರು ಪಿನ್ನು ಹೊಡೆದು, ಟ್ಯಾಗು ಹಾಕಿ, ಬೀರುವಿನಲ್ಲಿಟ್ಟರು.

ಕಳೆದ ತಿಂಗಳು ಅಮೆರಿಕದ ಸ್ಯಾನ್ ಹೋಸೆಯಿಂದ ಕಕ್ಷಿದಾರರ ಮಗ ಫೋನ್ ಮಾಡಿದ್ದ. ಅಪ್ಪನ ಉಯಿಲಿನ ಕರಡು ಕ್ಲೌಡಿನಲ್ಲಿ ನೋಡಿದ್ದಾನಂತೆ, ಚೆನ್ನಾಗಿದೆಯಂತೆ, ಅಪ್ಪ ಮನೆಯಿಂದಲೇ ಡಿಜಿಟಲ್ ಸಹಿ ಹಾಕಿಬಿಡಲಿ ಎಂದ. ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲನ್ನು ಹೊರಗಿಟ್ಟಿದೆ, ಕಾಗದದ ಮೇಲೆ ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಬೇಕು ಎಂದು ಸೀನಿಯರ್ ವಿವರಿಸಿದರು. “ಈ ಕಾಲದಲ್ಲೂನಾ ಅಂಕಲ್?” ಎಂದ ಹುಡುಗ. ಮರುದಿನ ಅಪ್ಪ ಆಟೋದಲ್ಲಿ ಬಂದು, ಮೆಟ್ಟಿಲು ಹತ್ತಿ, ಸುಧಾರಿಸಿಕೊಂಡು ಸಹಿ ಹಾಕಿದರು. ಒಬ್ಬ ಸಾಕ್ಷಿ ಗುಮಾಸ್ತರು. ಇನ್ನೊಬ್ಬ ಸಾಕ್ಷಿ, ಕ್ಲೌಡ್ ಬಂದ ಮೇಲೆ ವ್ಯಾಪಾರ ಬಿದ್ದುಹೋಯಿತೆಂದು ಸಿಕ್ಕವರಿಗೆಲ್ಲ ದೂರುತ್ತಿದ್ದ ಕೆಳಗಿನ ಜೆರಾಕ್ಸ್ ಅಂಗಡಿಯವರು. ಹೋಗುವಾಗ ಅವರು ಮೂರು ಪ್ರತಿ ತೆಗೆಯಲು ಉಯಿಲನ್ನು ಜೊತೆಗೇ ಒಯ್ದರು.