ದಾರಿ ಬಿಟ್ಟ ಯಜಮಾನರು

ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಡಿಸೆಂಬರ್ ಬಂತೆಂದರೆ ನಾನು ರಜಾಯಿಯಿಂದ ಹೊರಬೀಳುವುದು ಮೂರೇ ಕಾರಣಕ್ಕೆ: ಕಾಫಿ, ಆಫೀಸು, ಮತ್ತೆ ಕಾಫಿ. ಗೀಸರ್ ಕೆಟ್ಟ ದಿನ ಸ್ನಾನವನ್ನು ಮಂತ್ರದಲ್ಲೇ ಮುಗಿಸುವ ಪೈಕಿ ನಾನು. ಲೋಧಿ ರಸ್ತೆಯ ಮೌಸಮ್ ಭವನದ ಹವಾಮಾನ ಇಲಾಖೆಯವರು ಚಳಿ ಹೆಚ್ಚುತ್ತದೆ ಎನ್ನುವ ಹೊತ್ತಿಗೆ ನನ್ನ ಮೈಮೇಲೆ ಎರಡನೇ ಸ್ವೆಟರ್ ಇರುತ್ತದೆ.

ಇಂಥವನು ಚಳಿಗಾಲದಲ್ಲಿ ಕೇದಾರಕಂಠ ಹತ್ತುತ್ತೇನೆಂದಾಗ ನನ್ನವಳು ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. “ರೀ, ಮೊದಲು ಮಹಡಿ ಹತ್ತಿ ಒಣಗಿದ ಬಟ್ಟೆ ತನ್ನಿ” ಎಂದಳು.

ಉತ್ತರಕಾಶಿ ಜಿಲ್ಲೆಯ ಕೇದಾರಕಂಠ ಸುಮಾರು 12,500 ಅಡಿ. ನನ್ನ ಅನುಭವವೆಂದರೆ ಕಾಲೇಜು ದಿನಗಳಲ್ಲಿ ಹತ್ತಿದ ಚಾಮುಂಡಿ ಬೆಟ್ಟದ ಮೆಟ್ಟಿಲು. ಹಾಗಾಗಿ ತಾಲೀಮು ಶುರುವಾಯಿತು. ಬೂಟಿಗೆ ಮೈಕ್ರೋಸ್ಪೈಕ್ ತೊಡಿಸಿದೆ. ರಬ್ಬರ್ ಪಟ್ಟಿಗೆ ಸರಪಳಿ, ಸರಪಳಿಗೆ ಉಕ್ಕಿನ ಹಲ್ಲು. ನಡುಮನೆಯಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೇ ತಡ, “ನೆಲ ಉತ್ತು ರಾಗಿ ಬಿತ್ತೋಕೆ ಹೊರಟಿದ್ದೀರಾ?” ಎಂಬ ಕೂಗು. ಬೀದಿಗಿಳಿದೆ. ನಮ್ಮ ಕಾಲೋನಿಯ ಗೋಡೆಗಳ ಮೇಲೆ ದೇಶವಿದೇಶದ ಕಲಾವಿದರು ದೊಡ್ಡ ಚಿತ್ರಗಳನ್ನು ಬರೆದಿದ್ದಾರೆ. ಅವನ್ನು ನೋಡಲು ಬಂದವನೊಬ್ಬ ನನ್ನ ಫೋಟೊ ಹೊಡೆದುಕೊಂಡ. ನನ್ನನ್ನೂ ಕಲಾಕೃತಿ ಎಂದುಕೊಂಡನೋ ಏನೋ.

ಬೆಟ್ಟದ ಬುಡದ ಹಳ್ಳಿ ಸಾಂಕ್ರಿಯಿಂದ ಹೊರಟ ಮೇಲೆ ಗೈಡ್ ಹುಡುಗನ ರಾಜ್ಯ. ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ, ಆದ್ದರಿಂದ ಶಿಖರಕ್ಕೆ ಹೊರಡುವುದು ನಡುರಾತ್ರಿ ಕಳೆದ ಮೇಲೆ. ಜನ ತುಳಿದು ತುಳಿದು ದಾರಿಯೆಲ್ಲ ಗಾಜಾಗಿತ್ತು. ಪಕ್ಕದ ಕಡಿದಾದ ಇಳುಕಲಿನಲ್ಲಿ ಯಾರೂ ತುಳಿಯದ ಹಿಮ ಕಂಡಿತು. ಬುದ್ಧಿವಂತನಲ್ಲವೇ, ಅತ್ತ ತಿರುಗಿದೆ. ಮೇಲಿನ ಹೆಪ್ಪು ಪಟ್ಟೆಂದು ಒಡೆದು ಒಂದು ಕಾಲು ತೊಡೆಯವರೆಗೆ ಒಳಗೆ. ಅದನ್ನು ಕೀಳುವಷ್ಟರಲ್ಲಿ ಇನ್ನೊಂದು ಜಾರಿ, ಅರ್ಧ ತಾಸು ಏದುಸಿರುಬಿಟ್ಟು ಏರಿದ್ದನ್ನು ಅರೆಗಳಿಗೆಯಲ್ಲಿ ಪೃಷ್ಠದ ಮೇಲೆ ಇಳಿದುಬಿಟ್ಟೆ. ಮೇಲಿನಿಂದ ಯಾರೋ ಅಚ್ಚ ಬೆಂಗಳೂರು ಕನ್ನಡದಲ್ಲಿ “ಅಂಕಲ್, ಸೂಪರ್!” ಎಂದರು.

ಹುಡುಗ ಕೈಹಿಡಿದು ಎತ್ತಿದ. ಹತ್ತುವಾಗ ಬೂಟಿನ ತುದಿ ಒದ್ದು ಊರಿ, ಇಳಿಯುವಾಗ ಹಿಮ್ಮಡಿ ಊರಿ, ನೀರು ಕುಡಿಯಿರಿ, ಕಿವಿ ಮುಚ್ಚಿಕೊಳ್ಳಿ, ಒದ್ದೆ ಸಾಕ್ಸ್ ಬಿಚ್ಚಿ, ಹೇಳಿದ ದಾರಿಯಲ್ಲೇ ಬನ್ನಿ ಎಂದ. ಪ್ರತಿಯೊಂದಕ್ಕೂ ಕೈಕಟ್ಟಿ “ಹಾಂ ಜೀ” ಎಂದೆ. ಬೂಟಿನ ಮಾತೆರಡು ಬಿಟ್ಟರೆ ಉಳಿದದ್ದೆಲ್ಲ ಮದುವೆಯಾದಾಗಿನಿಂದ ಮನೆಯಲ್ಲಿ ಕೇಳಿದ್ದೇ. ಅಲ್ಲಿ ನನ್ನ ಉತ್ತರ, “ಗೊತ್ತು ಬಿಡೇ.”

ಶಿಖರದಲ್ಲಿ ಶಿವನ ತ್ರಿಶೂಲವಿದೆ, ಅಲ್ಲಿಂದ ಸ್ವರ್ಗಾರೋಹಿಣಿ ಪರ್ವತ ಕಾಣುತ್ತದೆ. ಕೈಮುಗಿದು, ಹೇಳಿದ ದಾರಿಯಲ್ಲೇ ಇಳಿದೆ.

ಹಿಮದ ಬೆಟ್ಟಕ್ಕೆ ಹೊರಟ ಯಜಮಾನರೇ, ಗೈಡ್ ಇಲ್ಲದೆ ಹೋಗಬೇಡಿ, ದಾರಿ ಬಿಡಬೇಡಿ. ಬರೀ ಬೈಸಿಕೊಳ್ಳುವ ಆಸೆಯಿದ್ದರೆ ಅಷ್ಟು ದೂರದ ಖರ್ಚು ಬೇಡ, ಮನೆಯಲ್ಲೇ ಪುಕ್ಕಟೆ ಸಿಗುತ್ತದೆ.