ತಳ ಹಿಡಿದ ಅನ್ನದ ಭಾಗ್ಯ

ಅನ್ನ ತಳ ಹಿಡಿಯಿತು ಅಂದರೆ ನಮ್ಮ ಮನೆಗಳಲ್ಲಿ ಏನೇನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಸೀದ ವಾಸನೆ ಪಡಸಾಲೆಗೆ ಬರುತ್ತೆ, ಅದರ ಹಿಂದೆಯೇ ಅತ್ತೆಯವರು ಬರುತ್ತಾರೆ. "ಒಲೆ ಮೇಲಿಟ್ಟು ಎಲ್ಲಿ ಹೋಗಿದ್ದೆ?" ಅನ್ನುವ ಪ್ರಶ್ನೆಗೆ ಈ ಲೋಕದಲ್ಲಿ ಸರಿಯಾದ ಉತ್ತರವೇ ಇಲ್ಲ. ಆಮೇಲೆ ಅನ್ನದ ಮೇಲೆ ಈರುಳ್ಳಿ ಹೋಳು ಇಟ್ಟು, ತಟ್ಟೆ ಮುಚ್ಚಿ, ವಾಸನೆ ಎಳೆಸುವ ಉಪಚಾರ. ಮೇಲುಮೇಲಿನದನ್ನು ಮೆಲ್ಲಗೆ ತೋಡಿ ಬಡಿಸಿ, ತಳದ್ದಕ್ಕೆ ನೀರು ಹುಯ್ದು ಮೂಲೆಗಿಟ್ಟು, ಸಂಜೆವರೆಗೂ ಗಂಟು ಮುಖ. ಹೌದಲ್ವಾ?

ಇದೇ ತಳ ಹಿಡಿದ ಅನ್ನವನ್ನು ಲಂಡನ್ನಿನ ಪೆಕಮ್‌ನಲ್ಲಿ ಜನ ದುಡ್ಡು ಕೊಟ್ಟು, ಅದೂ ಕಾದು ಕೂತು ತಿನ್ನುತ್ತಾರೆ ಕಣ್ರೀ. ಪಶ್ಚಿಮ ಆಫ್ರಿಕಾದ ಜೊಲೊಫ್ ರೈಸ್ ವಿಷಯವೇ ಹೇಳ್ತಿರೋದು. ಅದರಲ್ಲಿ ಮನೆ ಜೊಲೊಫ್ ಬೇರೆ, ಪಾರ್ಟಿ ಜೊಲೊಫ್ ಬೇರೆ. ನೈಜೀರಿಯಾದ ಲೇಗೋಸ್ ಕಡೆ ಮದುವೆ ಅಂದರೆ ಹಿತ್ತಲಲ್ಲಿ ಸೌದೆ ಒಲೆ ಹೂಡಿ, ಆಳುದ್ದದ ಸೌಟಿನಲ್ಲಿ ಹೆಂಗಸರು ಅನ್ನ ತಿರುವುತ್ತಾರೆ. ಟೊಮೇಟೊ, ಕೆಂಪು ದೊಣ್ಣೆಮೆಣಸು, ಈರುಳ್ಳಿ, ಸ್ಕಾಚ್ ಬಾನೆಟ್ ಮೆಣಸಿನಕಾಯಿ ರುಬ್ಬಿ ಎಣ್ಣೆಯಲ್ಲಿ ಬಾಡಿಸಿದ ಮಸಾಲೆಯೊಳಗೆ ಅಕ್ಕಿ ಬೇಯುತ್ತಾ ಬೇಯುತ್ತಾ ಕೊನೆಗೆ ತಳ ಸೀಯಬೇಕು. ಸೀಯಲೇಬೇಕು! ಆ ಹೊಗೆ ಮೇಲಿನ ಅನ್ನಕ್ಕೆಲ್ಲ ಏರಿದರೇ ಅದು ಪಾರ್ಟಿ ಜೊಲೊಫ್. ಇಲ್ಲದಿದ್ದರೆ ಬರೀ ಕೆಂಪನ್ನ. ಲಂಡನ್ನಿನ ಹೋಟೆಲುಗಳಲ್ಲಿ ಸೌದೆ ಎಲ್ಲಿಂದ ತರೋದು ಪಾಪ? ಗ್ಯಾಸ್ ಒಲೆಯ ಮೇಲೆ ಪಾತ್ರೆಯ ಬಾಯಿಗೆ ಫಾಯಿಲ್ ಬಿಗಿದು, ಕೊನೆಯಲ್ಲಿ ಉರಿ ಜೋರು ಮಾಡಿ, ಬೇಕೂ ಅಂತ ಹಿಡಿಸುತ್ತಾರೆ. ನಮ್ಮತ್ತೆ ನೋಡಿದ್ದರೆ ಅಡುಗೆಯವನಿಗೆ ಅಂದೇ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಿದ್ದರು.

ಪೆಕಮ್ ಅಂದರೆ ಲಂಡನ್ನಿನ ಒಳಗೇ ಇರುವ ಪುಟ್ಟ ಲೇಗೋಸ್. ವಿಕ್ಟೋರಿಯಾದಲ್ಲಿ 36ನೇ ನಂಬರಿನ ಬಸ್ಸು ಹತ್ತಿ ಇಳಿದರೆ ಸಾಕು, ರೈ ಲೇನ್ ತುಂಬಾ ಅಂಗಡಿ ಮುಂದೆ ತೊಡೆಗಾತ್ರದ ಯಾಮ್ ಗೆಡ್ಡೆ, ಕಪ್ಪಿಟ್ಟ ಬಾಳೆಕಾಯಿ, ಮುಷ್ಟಿಗಾತ್ರದ ಬಸವನಹುಳು. ಭಾನುವಾರ ಮಧ್ಯಾಹ್ನ ಚರ್ಚು ಬಿಟ್ಟ ಮೇಲೆ ನೋಡಬೇಕು ನೀವು. ಹೆಂಗಸರು ಲೇಸ್ ಬಟ್ಟೆ ಉಟ್ಟು, ತಲೆಗೆ ಗೆಲೆ ಅನ್ನುವ ಗರಿಗರಿ ರುಮಾಲು ಕಟ್ಟಿ ಹೋಟೆಲಿನೊಳಗೆ ಬಂದರೆ ಹಿಂದೆ ಕೂತವರಿಗೆ ಟೀವಿ ಕಾಣುವುದಿಲ್ಲ. ಟೀವಿಯಲ್ಲಿ ಫುಟ್‌ಬಾಲ್ ಇದ್ದರೆ ಅದಕ್ಕೊಂದು ಗಲಾಟೆ. ಬಡಿಸುವ ಹುಡುಗಿ ವಯಸ್ಸಾದ ಹೆಂಗಸರನ್ನೆಲ್ಲ "ಆಂಟಿ" ಅಂತಲೇ ಕರೆಯುತ್ತಾಳೆ. ಗುರುತು ಪರಿಚಯ ಇರಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ತರಕಾರಿಯವನು ಆಂಟಿ ಅಂದ ಅಂತ ಮುನಿಸಿಕೊಳ್ಳುವ ನಮ್ಮ ನಾದಿನಿ, ಅಲ್ಲಿ ಮಾತ್ರ ನಗುನಗುತ್ತಾ ಓಗೊಟ್ಟಳು. ಏನು ಮಾಯವೋ ಏನೋ!

ಒಂದು ಮಾತು. ಹಸಿದುಕೊಂಡು ಹೋಗಬೇಡಿ. ಅಲ್ಲಿನ ಅಡುಗೆಮನೆಗೆ ಅವಸರ ಅನ್ನೋದು ಗೊತ್ತಿಲ್ಲ. ಮೆನು ಕಾರ್ಡು ಉದ್ದಕ್ಕೆ ಇರುತ್ತೆ, ಕೇಳಿದರೆ ಅರ್ಧ "ಖಾಲಿ" ಆಗಿರುತ್ತೆ. ಉಳಿದರ್ಧ "ಬರ್ತಾ ಇದೆ". ಆಮೇಲೆ ಬಂದದ್ದು ಒಬ್ಬರಿಗೋ ಓಣಿಗೋ ಅನ್ನುವಷ್ಟು ಇರುತ್ತೆ ಅನ್ನಿ, ಆದ್ದರಿಂದ ಬಯ್ಯುವ ಹಾಗೂ ಇಲ್ಲ. ಉಳಿದದ್ದನ್ನು ಡಬ್ಬಿಗೆ ತುಂಬಿಸಿಕೊಂಡು ಬರುವುದು ಅಲ್ಲಿ ನಾಚಿಕೆಗೇಡಲ್ಲ.

ಇನ್ನು ಊಟದ ವಿಷಯ. ಸೂಪು ಅಂದರೆ ಅಲ್ಲಿ ಚಮಚದಲ್ಲಿ ಸುರಿಯುವ ತೆಳು ನೀರಲ್ಲ, ಗಟ್ಟಿ ಸಾರು. ಅದರ ಜೊತೆಗೆ ಒಂದು ಉಂಡೆ. ಆ ಉಂಡೆಯ ಜಾತಿಗೆಲ್ಲ ಸೇರಿಸಿ ಸ್ವಾಲೋ ಅಂತಲೇ ಹೆಸರು. ಮರಗೆಣಸಿನ ತರಿಯಿಂದ ಮಾಡಿದ್ದು ಏಬಾ, ಬೆಂದ ಯಾಮ್ ಗೆಡ್ಡೆಯನ್ನು ಒರಳಲ್ಲಿ ಕುಟ್ಟಿದ್ದು ಪೌಂಡೆಡ್ ಯಾಮ್, ಒಣಗಿಸಿದ ಯಾಮ್ ಹಿಟ್ಟಿನದ್ದು ಅಮಾಲಾ. ಅಪಾರ್ಟ್‌ಮೆಂಟುಗಳಲ್ಲಿ ಒನಕೆ ಎತ್ತಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರಲ್ಲ, ಅದಕ್ಕೇ ಈಗ ಪೌಂಡೋ ಅಂತ ರೆಡಿ ಪುಡಿ ಬಂದಿದೆ. ಹಳಬರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ.

ಅಮಾಲಾ ತಟ್ಟೆಗೆ ಬಂದಾಗ ಮಂಡ್ಯ ಕಡೆಯವರು ಯಾರಾದರೂ ಪಕ್ಕದಲ್ಲಿದ್ದರೆ ಅವರ ಮುಖ ನೋಡಬೇಕು. ಕಂದುಗಪ್ಪು ಬಣ್ಣ, ನುಣುಪು ಮೈ, ಹಬೆ. ಥೇಟ್ ರಾಗಿ ಮುದ್ದೆ! ಮಾಡುವ ಕ್ರಮವೂ ಅದೇ. ಕುದಿಯುವ ನೀರಿಗೆ ಹಿಟ್ಟು ಸುರಿದು, ಗಂಟು ಕಟ್ಟದ ಹಾಗೆ ಮರದ ಕೋಲಿನಲ್ಲಿ ತೊಳಸುವುದು. ಆ ಕೋಲಿಗೆ ನೈಜೀರಿಯಾದ ಯೊರುಬಾ ಜನ ಒಮೊರೊಗುನ್ ಅನ್ನುತ್ತಾರೆ. ಅಮಾಲಾದಲ್ಲಿ ಗಂಟು ಉಳಿಸಿದ ಸೊಸೆಗೆ ಅಲ್ಲೂ ಅಷ್ಟೇ ಮಂಗಳಾರತಿ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ ಅನ್ನುತ್ತಾರಲ್ಲ, ಪಶ್ಚಿಮ ಆಫ್ರಿಕಾದವರಿಗೆ ಆ ಕಾಳು ಅಷ್ಟಾಗಿ ಬಳಕೆಯಿಲ್ಲ. ಆದರೂ ಕೈ ಮಾತ್ರ ಒಂದೇ ಪಾಠ ಕಲಿತಿದೆ. ಬೋಗುಣಿಯಲ್ಲಿ ನೀರು ತಂದಿಡುತ್ತಾರೆ, ಕೈ ತೊಳೆಯಿರಿ. ಬಲಗೈಯಲ್ಲಿ ನೆಲ್ಲಿಕಾಯಿ ಗಾತ್ರ ಮುರಿಯಿರಿ. ಹೆಬ್ಬೆರಳಿಂದ ಒತ್ತಿ ಒಂದು ಕುಳಿ ಮಾಡಿ, ಆ ಕುಳಿಯಲ್ಲಿ ಸಾರು ಗೋರಿ, ಗುಳುಂ. ಅಷ್ಟೇ!

ಅಗಿಯುವ ಹಾಗಿಲ್ಲ. ಅಗಿದಿರೋ, ಪಕ್ಕದ ಮೇಜಿನವರು ಮುಸಿಮುಸಿ ನಗುತ್ತಾರೆ. ಇದನ್ನು ಕಂಡಾಗೆಲ್ಲ ನನಗೆ ನಮ್ಮ ಚಿಕ್ಕಮ್ಮನ ಮದುವೆ ನೆನಪಾಗುತ್ತೆ. ಗಂಡಿನ ಕಡೆಯವರು ಧಾರವಾಡ ಸೀಮೆ, ರೊಟ್ಟಿ ತಿಂದು ಬೆಳೆದ ಹಲ್ಲು. ಬೀಗರ ಊಟಕ್ಕೆ ನಮ್ಮಜ್ಜ ಮುದ್ದೆ, ಬಸ್ಸಾರು ಮಾಡಿಸಿಬಿಟ್ಟಿದ್ದರು. ಬೀಗರಲ್ಲಿ ಒಬ್ಬರು ಹಿರಿಯರು, ಮೇಷ್ಟ್ರು, ಪ್ರತಿ ತುತ್ತನ್ನೂ ಲೆಕ್ಕ ಹಾಕಿ ಅಗಿಯುತ್ತಾ ಕೂತರು. ಅಜ್ಜ ಅವರೆದುರು ನಿಂತು, "ನುಂಗಿ ಸ್ವಾಮಿ, ನುಂಗಿ" ಅಂತ ಉಪಚಾರ. ಮೇಷ್ಟ್ರು, "ಮೂವತ್ತೆರಡು ಸಲ ಅಗೀಬೇಕ್ರೀ, ಆರೋಗ್ಯಶಾಸ್ತ್ರದಾಗ ಐತಿ" ಅಂತ ಪಟ್ಟು. ಪಂಕ್ತಿಯೆಲ್ಲ ಎದ್ದು ಹೋಗಿ, ಎಲೆ ತೆಗೆಯುವ ಹುಡುಗ ಅವರ ಬೆನ್ನ ಹಿಂದೆ ಕಾಯುತ್ತಾ ನಿಂತಿದ್ದ. ಅವರೇನಾದರೂ ಪೆಕಮ್‌ಗೆ ಬಂದಿದ್ದರೆ ಹೋಟೆಲು ಮುಚ್ಚುವ ಹೊತ್ತಾಗುತ್ತಿತ್ತು.

ಎಲ್ಲಿದ್ದೆ? ಹಾಂ, ಅಮಾಲಾ. ಅದಕ್ಕೆ ಜೋಡಿ ಎವೆಡು, ಅಂದರೆ ಸೆಣಬಿನ ಸೊಪ್ಪಿನ ಸಾರು. ಸೆಣಬಿನಿಂದ ಗೋಣಿಚೀಲ ಆಗುತ್ತೆ ಅಂತ ಗೊತ್ತಿತ್ತು, ಅದರ ಸೊಪ್ಪು ಸಾರಾಗುತ್ತೆ ಅಂತ ಯಾರಿಗೆ ಗೊತ್ತಿತ್ತು ಹೇಳಿ? ಅದಕ್ಕಿಂತ ತಮಾಷೆ ಅದನ್ನು ಕಡೆಯುವ ಸಾಧನ. ಕಡ್ಡಿ ಪೊರಕೆ ಕಣ್ರೀ! ತಮಾಷೆಗೆ ಹೇಳ್ತಿಲ್ಲ. ಗೇಣುದ್ದದ ಗಟ್ಟಿ ಕಡ್ಡಿಗಳನ್ನು ಒಟ್ಟಿಗೆ ಬಿಗಿದು ಕಟ್ಟಿದ ಪುಟ್ಟ ಪೊರಕೆ, ಇಜಾಬೆ ಅಂತ ಹೆಸರು, ಅಡುಗೆಮನೆಗೇ ಮೀಸಲು. ಕುದಿಯುತ್ತಿರುವ ಸೊಪ್ಪಿಗೆ ಅದನ್ನಿಳಿಸಿ ಟಪಟಪ ಕುಟ್ಟಿದರೆ ಎಲೆ ಚೂರುಚೂರಾಗಿ ಲೋಳೆ ಬಿಡುತ್ತೆ. ಈಗಿನವರು ಮಿಕ್ಸಿಗೆ ಹಾಕುತ್ತಾರೆ. ಪೊರಕೆಯದ್ದೇ ರುಚಿ ಅನ್ನುವವರು ಮಿಕ್ಸಿ ಸದ್ದು ಕೇಳಿದರೆ ನಿಟ್ಟುಸಿರು ಬಿಡುತ್ತಾರೆ. ನಮ್ಮಲ್ಲಿ ಪೊರಕೆ ಅಡುಗೆಮನೆ ಹೊಸಿಲು ದಾಟಿದರೂ ದರಿದ್ರ ಅನ್ನುವವರಿದ್ದಾರೆ, ಅಲ್ಲಿ ನೋಡಿದರೆ ಪಾತ್ರೆಯೊಳಕ್ಕೇ ಇಳಿದಿದೆ.

ಲೋಳೆ ಅಂದೆನಲ್ಲ, ಅದರದ್ದೇ ಒಂದು ಕಥೆ. ಬೆಂಡೆಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಆರಹಾಕಿ, ಆಮೇಲೆ ಹೆಚ್ಚಿ, ಹುಣಸೆಹುಳಿ ಬಿಟ್ಟು ಲೋಳೆ ಮುರಿಯುವುದರಲ್ಲಿ ನಮ್ಮಮ್ಮಂದಿರ ಅರ್ಧ ಆಯುಷ್ಯ ಕಳೆಯಿತು. ಅವರಲ್ಲಿ ಲೋಳೆ ಸಾಲದು ಅಂತ ಕೌನ್ ಅನ್ನುವ ಕ್ಷಾರದ ಕಲ್ಲಿನ ಚೂರು ಹಾಕಿ ಹೆಚ್ಚಿಸುತ್ತಾರೆ. ತುತ್ತು ಎತ್ತಿದಾಗ ತಟ್ಟೆಯಿಂದ ಬಾಯಿವರೆಗೆ ಎಳೆ ಎಳೆ ಬರಬೇಕು, ಆಗಲೇ ಅದು ಡ್ರಾ ಸೂಪು. ಮಣಿಕಟ್ಟನ್ನು ಒಂದು ಸಲ ಚಕ್ಕಂತ ತಿರುಗಿಸಿ ಆ ಎಳೆ ಕತ್ತರಿಸುತ್ತಾರೆ ನೋಡಿ, ಎಂಥ ನಾಜೂಕು! ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಒಂದು ತೊಟ್ಟು ಬೀಳುವುದಿಲ್ಲ.

ಅಂತೂ ನಮ್ಮ ಕಡೆ ಯಾವುದನ್ನು ಕೆಟ್ಟಿತು ಅಂತ ತಿಪ್ಪೆಗೆ ಸುರಿಯುತ್ತೇವೋ ಅದು ಅವರಲ್ಲಿ ಅಡುಗೆಯ ಹೆಚ್ಚುಗಾರಿಕೆ. ಸೀದರೆ ಸೈ, ಲೋಳೆಯಾದರೆ ಭೇಷ್, ನಾತಕ್ಕಂತೂ ವಿಶೇಷ ಮರ್ಯಾದೆ. ಇರು ಅನ್ನುವ ಹುದುಗಿಸಿದ ಕಾಳು ಒಂದು ಕಡೆ ಇರಲಿ, ಸ್ಟಾಕ್‌ಫಿಶ್ ಅಂತ ಒಂದಿದೆ. ಅಂಗಡಿಯಲ್ಲಿ ಸೌದೆ ಒಟ್ಟಿದ್ದಾರೇನೋ ಅಂದುಕೊಳ್ಳಬೇಕು, ಕೈಯಲ್ಲಿ ಬಡಿದರೆ ಟಕ್ ಅನ್ನುತ್ತೆ. ಅದು ಆಫ್ರಿಕಾದ ಮೀನೇ ಅಲ್ಲವಂತೆ! ನಾರ್ವೆಯ ಲೊಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನು ಹಿಡಿದು, ಉಪ್ಪು ಕೂಡ ಸವರದೆ, ಮರದ ಗಳುಗಳಿಗೆ ನೇತುಹಾಕಿ ತಣ್ಣನೆ ಗಾಳಿಯಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಮೇಲ್ದರ್ಜೆ ಮೀನು ಇಟಲಿಗೆ ಹೋಗುತ್ತೆ, ತಲೆಗಳು ನೈಜೀರಿಯಾಕ್ಕೆ. 1967ರಿಂದ 70ರವರೆಗೆ ನೈಜೀರಿಯಾದಲ್ಲಿ ಬಯಾಫ್ರಾ ಯುದ್ಧ ನಡೆದಾಗ ಹಸಿದವರಿಗೆ ಅಂತ ಪರಿಹಾರದ ಮೂಟೆಗಳಲ್ಲಿ ಬಂದ ಮೀನು ಇದು. ಯುದ್ಧ ಮುಗಿಯಿತು, ನಾಲಗೆ ಬಿಡಲಿಲ್ಲ. ಅಲ್ಲಿನ ಇಗ್ಬೋ ಜನರ ಸಮಾರಂಭದ ಸೂಪಿಗೆ ಈಗ ಅದು ಇರಲೇಬೇಕು. ಹಿಮದ ನಾಡಿನ ಬೆಸ್ತನಿಗೂ ಪೆಕಮ್‌ನ ಬಾಣಸಿಗನಿಗೂ ಎಲ್ಲಿಯ ನಂಟು ನೋಡಿ.

ನಮಗೂ ಒಂದು ನಂಟಿದೆ, ಬೇಡ ಅಂದರೂ ಅಂಟಿಕೊಂಡಿರೋದು. ಜೊಲೊಫ್‌ಗೆ ಥೈಮ್ ಜೊತೆ ಕರಿ ಪೌಡರ್ ಹಾಕುತ್ತಾರೆ. ಹಾಕದಿದ್ದರೆ ಅದು ಜೊಲೊಫೇ ಅಲ್ಲ ಅನ್ನುತ್ತಾರೆ. "ನಿಮ್ಮ ದೇಶದ್ದೇ ಅಲ್ವಾ?" ಅಂತ ಹೋಟೆಲಿನಾಕೆ ಪ್ರೀತಿಯಿಂದ ಕೇಳಿದಳು. ಏನು ಹೇಳೋದು? ನಮ್ಮ ಮನೆಗಳಲ್ಲಿ ಸಾರಿನ ಪುಡಿ ಇದೆ, ಹುಳಿ ಪುಡಿ ಇದೆ, ವಾಂಗೀಬಾತ್ ಪುಡಿ, ಚಟ್ನಿಪುಡಿ, ಬಾಣಂತಿ ಪುಡಿ ಕೂಡ ಇದೆ. ಕರಿ ಪೌಡರ್ ಅನ್ನೋ ಡಬ್ಬಿ ಯಾರ ಮನೆ ಗೂಡಲ್ಲಿ ಇತ್ತು? ಬ್ರಿಟಿಷರು ಡಬ್ಬಿ ಕಟ್ಟಿ, ಭಾರತದ ಹೆಸರು ಹೇಳಿ ಊರೂರಿಗೆ ಹಂಚಿದರು. ಹೌದಮ್ಮ ನಮ್ಮದೇ ಅಂತ ತಲೆಯಾಡಿಸಿದೆ. ಬಾಡಿನ ತುಂಡು ಒಂದು ಜಾಸ್ತಿಯೇ ಬಿತ್ತು.

ಇನ್ನು ಜೊಲೊಫ್ ಜಗಳ. ನೈಜೀರಿಯಾದವರದ್ದು ಚೆನ್ನವೋ ಘಾನಾದವರದ್ದು ಚೆನ್ನವೋ ಅನ್ನುವ ಮಹಾಯುದ್ಧ ಅದು. ನೈಜೀರಿಯಾದವರು ಉದ್ದ ಕಾಳಿನ ಕುಚ್ಚಲಕ್ಕಿ ಹಾಕುತ್ತಾರೆ, ಘಾನಾದವರು ಬಾಸ್ಮತಿಯಂಥ ಘಮಘಮ ಅಕ್ಕಿ. ಅಷ್ಟಕ್ಕೇ ಮಾತು ಬಿಡುವಷ್ಟು ವಾದ! 2014ರಲ್ಲಿ ಬ್ರಿಟನ್ನಿನ ಬಾಣಸಿಗ ಜೇಮಿ ಆಲಿವರ್ ಪಾಪ ತನ್ನದೂ ಒಂದಿರಲಿ ಅಂತ ಚೆರ್ರಿ ಟೊಮೇಟೊ, ಕೊತ್ತಂಬರಿ, ನಿಂಬೆಹೋಳು ಇಟ್ಟು ಜೊಲೊಫ್ ಮಾಡಿ ತೋರಿಸಿದ. ಅಲ್ಲಿಯವರೆಗೆ ಕಿತ್ತಾಡುತ್ತಿದ್ದ ದೇಶಗಳೆಲ್ಲ ಒಂದಾಗಿ ಅವನ ಮೇಲೆ ಬಿದ್ದವು. 2017ರಲ್ಲಂತೂ ನೈಜೀರಿಯಾದ ಮಂತ್ರಿ ಲೈ ಮೊಹಮ್ಮದ್ ಅವರೇ ಸಿಎನ್ಎನ್ ಟೀವಿಯಲ್ಲಿ, ಯಾವ ದೇಶದ ಜೊಲೊಫ್ ಚೆನ್ನ ಅಂದರೆ ಸೆನೆಗಲ್ ಅಂದುಬಿಟ್ಟರು! ಊರೆಲ್ಲ ರಾದ್ಧಾಂತ. ಪ್ರಶ್ನೆ ಕೇಳಿಸಿದ ರೀತಿ ಬೇರೆ ಅಂತ ಆಮೇಲೆ ಸಮಜಾಯಿಷಿ. ಮೂಲ ಹಿಡಿದು ಹೋದರೆ ಜೋಲೋಫ್ ರಾಜ್ಯ ಇದ್ದದ್ದೇ ಸೆನೆಗಲ್ ಕಡೆ, ಅವರ ಮೀನನ್ನ ಚೆಬುಜೆನ್ನನ್ನು 2021ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿಸಿತು. ಆದರೆ ಪೆಕಮ್‌ನಲ್ಲಿ ಕೂತು ಈ ಮಾತಾಡೋರು ಯಾರು? ಮೈಸೂರಲ್ಲಿ ನಿಂತು ಬಿರಿಯಾನಿ ಬೆಂಗಳೂರಿನದ್ದೇ ಮೇಲು ಅಂದರೆ ಯಾರಾದರೂ ಸುಮ್ಮನಿರ್ತಾರಾ?

ಈಗ ಇದೇ ಅಡುಗೆ ದೊಡ್ಡ ಪೇಟೆಗೂ ಹತ್ತಿದೆ. ಲಂಡನ್ನಿನ ಚಿಶುರು ಹೋಟೆಲಿನ ಅಡೆಜೊಕೆ ಬಾಕರೆ ಅನ್ನುವಾಕೆಗೆ 2024ರಲ್ಲಿ ಮಿಷೆಲಿನ್ ನಕ್ಷತ್ರ ಬಂತು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಕಪ್ಪು ಮಹಿಳೆ ಆಕೆ. ಇಕೋಯಿ ಅನ್ನುವ ಇನ್ನೊಂದು ಹೋಟೆಲಿಗಂತೂ ಎರಡು ನಕ್ಷತ್ರ. ಅಲ್ಲೆಲ್ಲ ತಟ್ಟೆ ದೊಡ್ಡದು, ತುತ್ತು ಚಿಕ್ಕದು, ಬಿಲ್ಲು ಬಹಳ ದೊಡ್ಡದು. ಸಂತೋಷವೇ, ಬೇಡ ಅನ್ನೋಕಾಗುತ್ತಾ? ಆದರೆ ಬೋಗುಣಿಯಲ್ಲಿ ಕೈ ತೊಳೆದು, ಮೊಣಕೈಗೆ ಸಾರು ಇಳಿಯುವವರೆಗೆ ಉಣ್ಣಬೇಕು ಅಂದರೆ ರೈ ಲೇನ್ ಕಡೆಯೇ ಸರಿ ಅಂತ ನನಗೆ.

ನಿಮ್ಮ ಮನೆಯವರು ಬಾಡು ಮುಟ್ಟೋದಿಲ್ಲವಾ? ಸ್ವಲ್ಪ ಕಷ್ಟವೇ. ಸೊಪ್ಪಿನ ಸಾರು ಅಂತ ಕಂಡರೂ ಒಳಗೆ ಒಣ ಸೀಗಡಿ ಪುಡಿಯೋ ಮ್ಯಾಗಿಯೋ ಇರುತ್ತೆ. ಮ್ಯಾಗಿ ಅಂದರೆ ನಮ್ಮ ಶ್ಯಾವಿಗೆ ಅಲ್ಲ, ಸಾರಿಗೆ ಕದಡುವ ಖಾರದುಪ್ಪಿನ ಬಿಲ್ಲೆ. ಅಲಸಂದೆ ರುಬ್ಬಿ ಕರಿದ ಅಕರಾ, ಬಾಳೆಹಣ್ಣು ಕರಿದ ದೋಡೋ, ಇವೆರಡು ಧಾರಾಳವಾಗಿ ಸಿಗುತ್ತೆ. ಮೋಯಿ ಮೋಯಿ ಮಾತ್ರ ವಿಚಾರಿಸಿಯೇ ತೆಗೆದುಕೊಳ್ಳಿ. ಅದೂ ಅಲಸಂದೆಯನ್ನೇ ಬೇಯಿಸಿದ್ದು, ಆದರೆ ಒಳಗೆ ಏಳು ಜೀವ ಇರುವ ಮೋಯಿ ಮೋಯಿ ಅಂತ ಒಂದು ಭರ್ಜರಿ ನಮೂನೆ ಇದೆ, ಮೊಟ್ಟೆ, ಮೀನು ಎಲ್ಲಾ ಅವಿತುಕೊಂಡಿರುತ್ತೆ.

ಯಾವತ್ತಾದರೂ ಪುರುಸೊತ್ತು ಮಾಡಿಕೊಂಡು ಹೊರಡಿ, ಒಟ್ಟಿಗೇ ಹೋಗಿ ಬರೋಣ. ಭಾನುವಾರ ಬೇಡ, ಜಾಗ ಸಿಗೋಲ್ಲ. ಘಾನಾದವರ ಜೊಲೊಫ್ ಇನ್ನೂ ಚೆನ್ನಾಗಿರುತ್ತಂತೆ ಅನ್ನೋ ಮಾತು ಮಾತ್ರ ಆರ್ಡರ್ ಕೊಟ್ಟ ಮೇಲೆ ಎತ್ತಬೇಡಿ ಮಾರಾಯ್ರೇ. ಮೊದಲೇ ಅಲ್ಲಿ ಊಟ ಬರೋದು ತಡ.